ಪಾದದ ಪಟ್ಟಿಯ ಸಂಶೋಧನೆಗೆ ಸೇರಬೇಕಾ? ಬಸ್ಸು ಹತ್ತುವ ಮೊದಲು ಮನೆಯಲ್ಲೇ ನೋಡಿಕೊಳ್ಳಿ

ಲಕ್ವಾ ಹೊಡೆದ ಮೇಲೆ ಒಂದು ಪಾದ ಜೋತು ಬಿದ್ದು ನೆಲ ಉಜ್ಜುತ್ತಾ ನಡೆಯುವವರು, ಸೊಂಟಕ್ಕೆ ಹಾಕಿದ ಇಂಜೆಕ್ಷನ್ ನರಕ್ಕೆ ತಗುಲಿ ಪಾದ ಎತ್ತಲಾಗದ ಮಕ್ಕಳು, ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಬರುವ ಸೆರೆಬ್ರಲ್ ಪಾಲ್ಸಿಯಿಂದ ತುದಿಗಾಲಲ್ಲಿ ನಡೆಯುವವರು, ಹಳೆಯ ಪೋಲಿಯೊ ಇರುವವರು. ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಕಡೆ ಹೋದರೂ ಇಂಥವರು ಸಿಗುತ್ತಾರೆ. ಇವರಲ್ಲಿ ಬಹಳ ಜನರಿಗೆ ಮೊಣಕಾಲ ಕೆಳಗಿನಿಂದ ಬೆರಳಿನ ತನಕ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಪಟ್ಟಿ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಅದಕ್ಕೆ ಎಎಫ್‌ಒ ಅಂತಾರೆ, ಮನೆಯಲ್ಲಿ ಎಲ್ಲರೂ ಬೆಲ್ಟ್ ಅಂತಾರೆ. ಯಾರಿಗೆ ಯಾವ ಪಟ್ಟಿ ಸರಿ, ಗಟ್ಟಿ ಪ್ಲಾಸ್ಟಿಕ್ಕಾ, ಕೀಲು ಇರುವುದಾ, ಸ್ಪ್ರಿಂಗ್ ತರಹ ಬಾಗುವ ಕಾರ್ಬನ್ ಫೈಬರ್ ಪಟ್ಟಿಯಾ ಅಂತ ನೋಡುವ ಸಂಶೋಧನೆಗಳು ನಡೆಯುತ್ತಾ ಇರುತ್ತವೆ. ಅದರ ಒಂದು ಪೋಸ್ಟರ್ ವಾಟ್ಸಾಪ್‌ಗೆ ಬಂತು ಅಂದರೆ ಸಾಕು, "ನಮ್ಮವರನ್ನ ಕರ್ಕೊಂಡು ಹೋಗಬಹುದಾ?" ಅನ್ನುವ ಪ್ರಶ್ನೆ ಶುರುವಾಗುತ್ತದೆ.

ನಾನು ಗಂಗಾವತಿ ಕಡೆ ಫಿಸಿಯೋಥೆರಪಿ ಮಾಡುವವಳು. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಮುನ್ನೂರು ನಾನೂರು ಕಿಲೋಮೀಟರ್. ರಾತ್ರಿ ಬಸ್ಸಲ್ಲಿ ಕಾಲು ಊದಿಸಿಕೊಂಡು ಹೋಗಿ, ಬೆಳಗ್ಗೆ ಹತ್ತೇ ನಿಮಿಷದಲ್ಲಿ "ಇವರು ನಮ್ಮ ಸ್ಟಡಿಗೆ ಬರಲ್ಲ" ಅಂತ ಹೇಳಿಸಿಕೊಂಡು ವಾಪಸ್ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಆ ಹತ್ತು ನಿಮಿಷದಲ್ಲಿ ಅವರು ನೋಡುವ ಬಹುಪಾಲು ಸಂಗತಿಗಳನ್ನು ನೀವು ಮನೆಯ ಅಂಗಳದಲ್ಲೇ ನೋಡಿಕೊಳ್ಳಬಹುದು, ಉಳಿದದ್ದನ್ನು ಒಂದು ಫೋನಿನಲ್ಲಿ ಕೇಳಬಹುದು.

ಮೊದಲು: ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ

ಪಟ್ಟಿ ಬೇಕು ಅಂತ ಡಾಕ್ಟರು ಈಗಾಗಲೇ ಬರೆದುಕೊಟ್ಟಿದ್ದರೆ ಸಂಶೋಧನೆಗಾಗಿ ಕಾಯಬೇಡಿ. ಪಟ್ಟಿ ಮಾಡಿಸಿಕೊಳ್ಳಿ. ತಿಂಗಳುಗಟ್ಟಲೆ ಪಾದ ಜೋತು ಬಿಟ್ಟರೆ ಮೀನಖಂಡದ ಸ್ನಾಯು ಗಿಡ್ಡವಾಗಿ ಪಾದ ಕೆಳಮುಖವಾಗಿಯೇ ಸೆಟೆದುಕೊಳ್ಳುತ್ತದೆ. ಆಮೇಲೆ ಪಟ್ಟಿಯೂ ಕೂರುವುದಿಲ್ಲ, ಸಂಶೋಧನೆಗೂ ಆಗುವುದಿಲ್ಲ.

ಸಂಶೋಧನೆ ಇರುವುದು ಒಂದು ಪ್ರಶ್ನೆಗೆ ಉತ್ತರ ಹುಡುಕಲು. ನಿಮಗೆ ಲಾಭ ಆಗಬಹುದು, ಆಗದೇ ಇರಬಹುದು. ಕೆಲವು ಒಂದೇ ದಿನದವು: ಒಂದು ಪಟ್ಟಿ ಹಾಕಿ ನಡೆಸುತ್ತಾರೆ, ಇನ್ನೊಂದು ಹಾಕಿ ನಡೆಸುತ್ತಾರೆ, ಅಳೆದುಕೊಂಡು ಕಳಿಸುತ್ತಾರೆ. ಪಟ್ಟಿ ಅವರ ಹತ್ತಿರವೇ ಉಳಿಯುತ್ತದೆ. ಕೆಲವು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತವೆ. ಚೀಟಿ ಎತ್ತಿದ ಹಾಗೆ ಗುಂಪು ಮಾಡುತ್ತಾರೆ, ಹೊಸ ಪಟ್ಟಿಯ ಗುಂಪಿಗೆ ಬೀಳುತ್ತೀರೋ ಮಾಮೂಲಿ ಪಟ್ಟಿಯ ಗುಂಪಿಗೆ ಬೀಳುತ್ತೀರೋ ಅನ್ನುವುದು ಡಾಕ್ಟರ ಕೈಯಲ್ಲೂ ಇರುವುದಿಲ್ಲ. ಇದು ಮನಸ್ಸಿಗೆ ಒಪ್ಪಿದರೆ ಮಾತ್ರ ಮುಂದಿನದನ್ನು ಓದಿ.

ಎರಡನೆಯದು: ಕಾರಣ ಕಾಗದದ ಮೇಲೆ ಇರಬೇಕು

"ನಡೆಯಲು ಆಗಲ್ಲ" ಅನ್ನುವುದು ಯಾವ ಸಂಶೋಧನೆಗೂ ಸಾಕಾಗುವುದಿಲ್ಲ. ಯಾಕೆ ಆಗಲ್ಲ ಅನ್ನುವುದು ಬೇಕು. ಹೊರಗಿನಿಂದ ಎಲ್ಲರ ನಡಿಗೆ ಒಂದೇ ತರಹ ಕಂಡರೂ ಒಳಗಿನ ಕತೆ ಬೇರೆ ಬೇರೆ ಇರುತ್ತದೆ, ಆ ಕತೆಯ ಮೇಲೇ ನೀವು ಯಾವ ಸಂಶೋಧನೆಗೆ ಹೊಂದುತ್ತೀರಿ ಅಂತ ತೀರ್ಮಾನ ಆಗುತ್ತದೆ.

ಲಕ್ವಾದಲ್ಲಿ ತೊಂದರೆ ಇರುವುದು ಮೆದುಳಿನಲ್ಲಿ. ಕಾಲಿನ ನರ ಸರಿಯಾಗೇ ಇರುತ್ತದೆ, ಆದರೆ ಸ್ನಾಯು ಬಿಗಿಯಾಗಿ ಕಾಲನ್ನು ಹೊರಗಿನಿಂದ ಅರ್ಧ ಸುತ್ತು ಹಾಕಿಸಿ ತರುವ ನಡಿಗೆ ಬರುತ್ತದೆ. ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಕೆಳಗೇ ಹಾದುಹೋಗುವ ನರಕ್ಕೆ ಪೆಟ್ಟಾದರೆ ಬೇರೆ. ಅಲ್ಲಿ ಪಾದ ಸಡಿಲವಾಗಿ ಜೋತು ಬೀಳುತ್ತದೆ, ನಡೆಯುವಾಗ ಮೊಣಕಾಲು ಎತ್ತಿ ಎತ್ತಿ ಇಡುತ್ತಾರೆ, ಪಾದ ಪಟ್ ಅಂತ ನೆಲಕ್ಕೆ ಬೀಳುವ ಸದ್ದು ಕೇಳುತ್ತದೆ. ಮೆಣಸಿನಕಾಯಿ, ಹತ್ತಿ ಹೊಲದಲ್ಲಿ ದಿನಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯುವವರಿಗೆ ಈ ನರ ಒತ್ತಿಕೊಂಡು ಹೀಗಾಗುವುದು ಉಂಟು. ಇಂಥದ್ದು ಎಷ್ಟೋ ಸಲ ಕೆಲವು ವಾರ, ತಿಂಗಳಲ್ಲಿ ತಾನೇ ಸುಧಾರಿಸುತ್ತದೆ. ಹಾಗೆ ಸುಧಾರಿಸುತ್ತಿರುವ ಕಾಲನ್ನು ಸಂಶೋಧಕರು ತೆಗೆದುಕೊಳ್ಳುವುದು ಕಷ್ಟ. ಒಳ್ಳೆಯದಾಗಿದ್ದು ಪಟ್ಟಿಯಿಂದಲೋ ತಾನಾಗಿಯೋ ಅಂತ ಹೇಳಲು ಬರುವುದಿಲ್ಲ, ಅಲ್ವಾ.

ಸೊಂಟದ ಡಿಸ್ಕ್ ಜಾರಿ ನರ ಒತ್ತಿದವರಿಗೂ ಪಾದ ಜೋತು ಬೀಳುತ್ತದೆ. ಕುಷ್ಠರೋಗ ಬಂದು ವಾಸಿಯಾದವರಲ್ಲಿ, ತುಂಬಾ ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ನರ ಸತ್ತು ಸ್ಪರ್ಶವೇ ಹೋಗಿರುತ್ತದೆ. ನಮ್ಮ ಭಾಗಕ್ಕೆ ಮುಖ್ಯವಾದ ಇನ್ನೊಂದು ಮಾತು: ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಅದನ್ನೇ ಕುಡಿದವರಲ್ಲಿ ಮೂಳೆ, ಕೀಲು ಬಿಗಿಯುತ್ತವೆ. ಜೋರಾದಾಗ ಬೆನ್ನುಹುರಿ ಒತ್ತಿ ಎರಡೂ ಕಾಲು ಸೆಟೆದುಕೊಳ್ಳಬಹುದು. ಇಂಥವರನ್ನು "ವಯಸ್ಸಾಯ್ತು, ಕಾಲು ಹಿಡಿದಿದೆ" ಅಂತ ಮನೆಯಲ್ಲಿ ಕೂರಿಸಿರುತ್ತಾರೆ. ಲಕ್ವಾದವರಿಗಾಗಿ ಮಾಡಿದ ಸಂಶೋಧನೆಗೆ ಇವರು ಬರುವುದಿಲ್ಲ. ಆದರೆ ಇವರಿಗೆ ನರರೋಗದ ಡಾಕ್ಟರು ಬೇಕು, ಅದೂ ಬೇಗ ಬೇಕು.

ಹಾಗಾಗಿ ಡಿಸ್ಚಾರ್ಜ್ ಕಾರ್ಡ್, ಸಿಟಿ ಅಥವಾ ಎಂಆರ್‌ಐ ರಿಪೋರ್ಟ್, ನರ ಪರೀಕ್ಷೆ ಮಾಡಿಸಿದ್ದರೆ ಅದರ ರಿಪೋರ್ಟ್, ಇವನ್ನು ಒಂದು ಫೈಲಿಗೆ ಹಾಕಿ. ಫಿಲ್ಮಿಗಿಂತ ರಿಪೋರ್ಟಿನ ಹಾಳೆ ಮುಖ್ಯ. ಕಾರ್ಡ್ ಕಳೆದಿದ್ದರೆ ಒಳರೋಗಿ ನಂಬರು ಇಟ್ಟುಕೊಂಡು ನೀವು ಸೇರಿದ್ದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನಕಲು ಕೇಳಿ. ಕಾರಣವೇ ಇನ್ನೂ ಗೊತ್ತಾಗಿಲ್ಲ ಅಂದರೆ ನಿಮಗೆ ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಮೊದಲು ತೋರಿಸಿ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತಲೇ ಕರೆಯುವುದು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಜಿಲ್ಲೆಯಲ್ಲಿ ಒಂದೊಂದು ಇದೆ.

ತಾರೀಖು

ಇದು ಸಣ್ಣ ವಿಷಯ, ಆದರೆ ಇದರಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. "ಯಾವಾಗ ಲಕ್ವಾ ಆಯ್ತು?" ಅಂದರೆ "ಗವಿಮಠದ ಜಾತ್ರೆ ಆದ್ಮೇಲೆ" ಅಂತಾರೆ. ಸಂಶೋಧನೆಗೆ ತಾರೀಖೇ ಬೇಕು. ಲಕ್ವಾ ಆಗಿ ಆರು ತಿಂಗಳು ದಾಟಿದವರೇ ಬೇಕು ಅಂತ ಬಹಳ ಸಂಶೋಧನೆಗಳು ಕೇಳುತ್ತವೆ. ಮೊದಲ ತಿಂಗಳುಗಳಲ್ಲಿ ಕಾಲು ತಾನೇ ಸುಧಾರಿಸುತ್ತಾ ಹೋಗುವುದರಿಂದ ಈ ಷರತ್ತು. ಇನ್ನು ಕೆಲವು ಅದಕ್ಕೆ ಉಲ್ಟಾ, ಆದ ಹೊಸದರಲ್ಲೇ ಇರುವವರನ್ನು ಹುಡುಕುತ್ತವೆ. ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ಕಾಯಿಲೆ ಶುರುವಾದ ದಿನ, ಎರಡನೇ ಸಲ ಆಗಿದ್ದರೆ ಆ ದಿನ, ಕಾಲಿಗೆ ಆಪರೇಷನ್ ಆಗಿದ್ದರೆ ಅದು, ಬಿಗಿ ಕಡಿಮೆಯಾಗಲು ಬೊಟಾಕ್ಸ್ ಸೂಜಿ ಹಾಕಿಸಿದ್ದರೆ ಕೊನೆಯ ಸೂಜಿಯ ತಾರೀಖು, ಈಗಿನ ಪಟ್ಟಿ ಯಾವಾಗ ಸಿಕ್ಕಿತು. ಕೆಳಗೆ ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳು. ನಾಟಿ ಔಷಧಿ ಇದ್ದರೆ ಅದನ್ನೂ ಬರೆಯಿರಿ, ಯಾರೂ ಬೈಯುವುದಿಲ್ಲ.

ಅಂಗಳದಲ್ಲಿ ಮಾಡುವ ಪರೀಕ್ಷೆ

ಮೊದಲನೆಯದು ನಡಿಗೆಯ ವೇಗ. ಪಟ್ಟಿಯ ಬಗ್ಗೆ ಸಂಶೋಧನೆ ಮಾಡುವವರು ಸಾಮಾನ್ಯವಾಗಿ ಹತ್ತು ಮೀಟರ್ ನಡಿಗೆಯನ್ನು ಅಳೆಯುತ್ತಾರೆ. ಟೇಪ್ ಹಿಡಿದು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಹತ್ತು ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಆಚೆ ಈಚೆ ಎರಡೆರಡು ಮೀಟರ್ ಜಾಗ ಬಿಡಿ, ಯಾಕೆಂದರೆ ಹೆಜ್ಜೆ ಹಿಡಿತಕ್ಕೆ ಬರಲು, ಆಮೇಲೆ ನಿಲ್ಲಲು ಜಾಗ ಬೇಕು. ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಲಿ. ಬಲ ಇಲ್ಲದ ಕಡೆ ಒಬ್ಬರು ಪಕ್ಕದಲ್ಲೇ ನಡೆಯಬೇಕು, ಮುಟ್ಟಬಾರದು, ಆದರೆ ಬಿದ್ದರೆ ಹಿಡಿಯುವಷ್ಟು ಹತ್ತಿರ ಇರಬೇಕು. ಮೊದಲ ಗೆರೆ ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೇ ಗೆರೆ ದಾಟಿದಾಗ ನಿಲ್ಲಿಸಿ. "ಜಲ್ದಿ ಜಲ್ದಿ" ಅಂತ ಅವಸರ ಮಾಡಬೇಡಿ. ದಿನಾ ನಡೆಯುವ ಹಾಗೇ ನಡೆಯಲಿ.

25 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರಿಗಿಂತ ಕಡಿಮೆ ಅಂತ. ಲಕ್ವಾದ ಸಂಶೋಧನೆಗಳಲ್ಲಿ ಇವರನ್ನು ಮನೆಯೊಳಗಷ್ಟೇ ಓಡಾಡುವವರು ಅಂತ ಲೆಕ್ಕ ಹಿಡಿಯುತ್ತಾರೆ. 25ರಿಂದ ಹನ್ನೆರಡೂವರೆ ಸೆಕೆಂಡಿನ ನಡುವೆ ಬಂದರೆ ಹೊರಗೆ ಸ್ವಲ್ಪ ದೂರ ಹೋಗಬಲ್ಲವರು. ಅದಕ್ಕಿಂತ ಬೇಗ ದಾಟಿದರೆ, ಅಂದರೆ ಸೆಕೆಂಡಿಗೆ 0.8 ಮೀಟರಿಗಿಂತ ಜಾಸ್ತಿ ಇದ್ದರೆ, ಸಂತೆಗೆ ಹೋಗಿ ಬರಬಲ್ಲವರು. ಕೆಲವು ಸಂಶೋಧನೆಗೆ ನಿಧಾನ ನಡೆಯುವವರೇ ಬೇಕು, ಜೋರಾಗಿ ನಡೆಯುವವರಿಗೆ ಅಲ್ಲಿ ಜಾಗ ಇಲ್ಲ. ಕೆಲವಕ್ಕೆ ಯಾರ ಸಹಾಯವೂ ಇಲ್ಲದೆ ಹತ್ತು ಮೀಟರ್ ನಡೆಯಬಲ್ಲವರೇ ಬೇಕು. ನಿಮ್ಮ ಸೆಕೆಂಡು ನಿಮಗೆ ಗೊತ್ತಿದ್ದರೆ ಫೋನಿನಲ್ಲೇ ಅರ್ಧ ಉತ್ತರ ಸಿಗುತ್ತದೆ. ಪಟ್ಟಿ ಹಾಕಿ ಒಂದು ಸಲ, ಹಾಕದೆ ಒಂದು ಸಲ ಅಳೆಯಿರಿ. ಹಾಕದೆ ನಡೆದರೆ ಬೀಳುವ ಭಯ ಇದ್ದರೆ ಅದನ್ನು ಬಿಟ್ಟುಬಿಡಿ.

ಎರಡನೆಯದು ಪಾದ ಮೇಲಕ್ಕೆ ಬರುತ್ತದೋ ಇಲ್ಲವೋ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮೊಣಕಾಲು ನೇರ ಇರಲಿ. ಇನ್ನೊಬ್ಬರು ಹಿಮ್ಮಡಿ ಹಿಡಿದು ಪಾದವನ್ನು ನಿಧಾನವಾಗಿ ಮೂಗಿನ ಕಡೆಗೆ ತಳ್ಳಿ ನೋಡಿ. ಕಾಲಿಗೂ ಪಾದಕ್ಕೂ ಗೋಡೆಯ ಮೂಲೆಯ ಹಾಗೆ ನೇರ 90 ಡಿಗ್ರಿ ಬಂದರೆ ಪಟ್ಟಿ ಕೂರುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬಹುದು. ಎಷ್ಟು ನಿಧಾನಕ್ಕೆ ತಳ್ಳಿದರೂ ಬರಲಿಲ್ಲ, ಕಲ್ಲಿನ ಹಾಗೆ ನಿಂತಿದೆ ಅಂದರೆ ಕೀಲು ಸೆಟೆದಿದೆ. ಬಹುಪಾಲು ಸಂಶೋಧನೆಗಳು ಇಂಥ ಪಾದವನ್ನು ಬೇಡ ಅನ್ನುತ್ತವೆ. ನಿಧಾನಕ್ಕೆ ತಳ್ಳಿದರೆ ಬರುತ್ತದೆ, ಜೋರಾಗಿ ತಳ್ಳಿದರೆ ತಡೆಯುತ್ತದೆ ಅಂದರೆ ಅದು ಸ್ನಾಯುವಿನ ಬಿಗಿ. ಅದಕ್ಕೆ ಅಲ್ಲಿ 0ಯಿಂದ 4ರ ತನಕ ಒಂದು ಅಂಕ ಕೊಡುತ್ತಾರೆ, ಮಧ್ಯದಲ್ಲಿ 1+ ಅನ್ನುವುದೂ ಒಂದಿದೆ. ಆ ಅಂಕವನ್ನು ನೀವು ಹಾಕಲು ಹೋಗಬೇಡಿ, ಹತ್ತಿರದ ಫಿಸಿಯೋ ಹತ್ತಿರ ಕೇಳಿ ಬರೆಸಿಕೊಳ್ಳಿ. ನೋವಾದರೆ ತಕ್ಷಣ ಬಿಡಿ, ಬಲ ಹಾಕಬೇಡಿ.

ಮೂರನೆಯದು ಚರ್ಮ. ಇದನ್ನು ಯಾರೂ ನೋಡಿಕೊಳ್ಳುವುದಿಲ್ಲ, ನನಗೆ ಅತಿ ಹೆಚ್ಚು ಚಿಂತೆ ಇರುವುದೂ ಇದರ ಬಗ್ಗೆಯೇ. ಪಾದದ ಅಡಿ, ಹಿಮ್ಮಡಿ, ಎರಡೂ ಬದಿಯ ಗಂಟುಮೂಳೆ, ಬೆರಳ ಸಂದಿ ಬೆಳಕಲ್ಲಿ ನೋಡಿ. ಬಿರುಕು, ಗುಳ್ಳೆ, ಆಣಿ, ವಾಸಿಯಾಗದ ಹುಣ್ಣು ಇದೆಯಾ? ಕಣ್ಣು ಮುಚ್ಚಿಸಿ ಹತ್ತಿಯಿಂದ ಅಲ್ಲಲ್ಲಿ ಮುಟ್ಟಿ, ಗೊತ್ತಾಗುತ್ತದಾ ಕೇಳಿ. ಸ್ಪರ್ಶ ಇಲ್ಲದ ಪಾದಕ್ಕೆ ಗಟ್ಟಿ ಪ್ಲಾಸ್ಟಿಕ್ ಕಚ್ಚಿದರೆ ನೋವೇ ಗೊತ್ತಾಗುವುದಿಲ್ಲ, ಸಂಜೆ ಬಿಚ್ಚಿದಾಗ ಗಾಯ ಕಾಣುತ್ತದೆ. ಈಗಾಗಲೇ ಪಟ್ಟಿ ಹಾಕುತ್ತಿದ್ದರೆ ಬಿಚ್ಚಿದ ಕೂಡಲೇ ಎಲ್ಲಿ ಕೆಂಪಾಗಿದೆ ನೋಡಿ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಆ ಕೆಂಪು ಹೋಗಬೇಕು. ಹೋಗದಿದ್ದರೆ ಪಟ್ಟಿ ಒತ್ತುತ್ತಿದೆ, ಮಾಡಿದವರ ಹತ್ತಿರ ತಿದ್ದಿಸಬೇಕು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟಿದ ದಿನ ಪ್ಲಾಸ್ಟಿಕ್ ಒಳಗೆ ಬೆವರು ನಿಂತು ಚರ್ಮ ಮೆತ್ತಗಾಗುತ್ತದೆ. ಉದ್ದದ ಹತ್ತಿ ಕಾಲುಚೀಲ ಇಲ್ಲದೆ ಪಟ್ಟಿ ಹಾಕಲೇಬಾರದು.

ಇಷ್ಟಾದ ಮೇಲೆ ಒಂದು ವಿಡಿಯೋ ಮಾಡಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಸೊಂಟದಿಂದ ಪಾದದ ತನಕ ಕಾಣಬೇಕು. ಲುಂಗಿ, ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿದರೆ ಸಾಕು, ಮುಖ ಬೇಕಿಲ್ಲ. ಆದರೆ ಇದನ್ನು ಸಂಶೋಧನೆಯವರು ಕೇಳಿದಾಗ ಮಾತ್ರ ಕಳಿಸಿ, ಗ್ರೂಪಿಗೆ ಹಾಕಬೇಡಿ.

ಬೇಡ ಅನ್ನುವ ಕಾರಣಗಳು

ಪ್ರತಿ ಸಂಶೋಧನೆಯಲ್ಲೂ ಇಂಥವರು ಬೇಕು ಅನ್ನುವ ಲಿಸ್ಟ್ ಒಂದು, ಇಂಥವರು ಬೇಡ ಅನ್ನುವ ಲಿಸ್ಟ್ ಇನ್ನೊಂದು ಇರುತ್ತದೆ. ಜನ ಮೊದಲನೆಯದನ್ನು ಓದಿ ಖುಷಿಯಾಗಿ ಹೊರಟುಬಿಡುತ್ತಾರೆ. ಎರಡನೆಯದನ್ನು ನಿಧಾನವಾಗಿ ಓದಿ. ಅದರಲ್ಲಿ ಸಾಮಾನ್ಯವಾಗಿ ಬರುವವು ಇವು: ಪಾದದಲ್ಲಿ ತೆರೆದ ಗಾಯ, ಸೆಟೆದ ಕೀಲು, ಹಿಡಿತಕ್ಕೆ ಬಾರದ ಬಿಪಿ ಅಥವಾ ಹೃದಯದ ತೊಂದರೆ, ಇತ್ತೀಚೆಗೆ ಆದ ಕಾಲಿನ ಆಪರೇಷನ್, ಮೂರರಿಂದ ಆರು ತಿಂಗಳ ಒಳಗೆ ಹಾಕಿಸಿದ ಬೊಟಾಕ್ಸ್, ನಡಿಗೆಗೆ ಅಡ್ಡಿ ಮಾಡುವಷ್ಟು ಮೊಣಕಾಲು ಸವೆತ, ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಆಗದಷ್ಟು ಮರೆವು, ಈಗಾಗಲೇ ಇನ್ನೊಂದು ಸಂಶೋಧನೆಯಲ್ಲಿ ಇರುವುದು. ಪಟ್ಟಿಯ ಜೊತೆ ಕರೆಂಟಿನಿಂದ ಪಾದ ಎತ್ತಿಸುವ ಯಂತ್ರವನ್ನು ಹೋಲಿಸಿ ನೋಡುವ ಸಂಶೋಧನೆ ಆದರೆ ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಸಾಮಾನ್ಯವಾಗಿ ಇಲ್ಲ ಅಂತಾರೆ. ಆ ಯಂತ್ರ ಕೆಲಸ ಮಾಡಲು ಕಾಲಿನ ನರ ಜೀವಂತ ಇರಬೇಕು, ಹಾಗಾಗಿ ನರವೇ ತುಂಡಾದವರಿಗೂ ಅದು ಆಗುವುದಿಲ್ಲ.

ಇಲ್ಲಿ ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಸೇರಿಸಿಕೊಳ್ಳಲಿ ಅಂತ ಯಾವುದನ್ನೂ ಮುಚ್ಚಿಡಬೇಡಿ. ಫಿಟ್ಸ್ ಬರುವುದನ್ನು, ಹೋದ ತಿಂಗಳು ಬಿದ್ದದ್ದನ್ನು, ಅಡಿಪಾದದ ಹುಣ್ಣನ್ನು ಮುಚ್ಚಿಟ್ಟರೆ ಪೆಟ್ಟು ಬೀಳುವುದು ನಿಮ್ಮ ಮನೆಯವರಿಗೇ. ಬೊಟಾಕ್ಸ್ ಹಾಕಿಸಿದ್ದನ್ನು ಮುಚ್ಚಿಟ್ಟರೆ ಸೂಜಿಯಿಂದ ಆದ ಸುಧಾರಣೆ ಪಟ್ಟಿಯ ಲೆಕ್ಕಕ್ಕೆ ಹೋಗುತ್ತದೆ, ನಾಳೆ ಆ ತಪ್ಪು ಲೆಕ್ಕ ನೋಡಿ ಇನ್ಯಾರಿಗೋ ಅದೇ ಪಟ್ಟಿ ಬರೆದುಕೊಡುತ್ತಾರೆ.

ಮಕ್ಕಳಾದರೆ

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಓಡಾಟವನ್ನು ಒಂದರಿಂದ ಐದು ಅಂತ ಹಂತ ಮಾಡುತ್ತಾರೆ. ಒಂದನೇ ಹಂತ ಅಂದರೆ ಸ್ವಂತ ನಡೆಯುವ ಮಗು, ಐದು ಅಂದರೆ ಗಾಲಿಕುರ್ಚಿಯಲ್ಲೇ ಬೇರೆಯವರು ಕರೆದೊಯ್ಯಬೇಕಾದ ಮಗು. ನಡಿಗೆಯ ಪಟ್ಟಿಯ ಸಂಶೋಧನೆಗಳಿಗೆ ಹೆಚ್ಚಾಗಿ ಒಂದರಿಂದ ಮೂರನೇ ಹಂತದ ಮಕ್ಕಳು ಬೇಕಾಗುತ್ತಾರೆ. ನಿಮ್ಮ ಮಗು ಯಾವ ಹಂತ ಅಂತ ಥೆರಪಿಯವರನ್ನು ಕೇಳಿ ಬರೆದುಕೊಳ್ಳಿ. ತಂದೆ ತಾಯಿಯ ಸಹಿ ಬೇಕೇ ಬೇಕು. ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು ಅಂತ, ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಏಳರಿಂದ ಹನ್ನೆರಡರ ತನಕ ಬಾಯಿಮಾತಿನ ಒಪ್ಪಿಗೆ, ಅದರ ಮೇಲೆ ಹದಿನೆಂಟರ ತನಕ ಬರಹದಲ್ಲಿ. ಮಗು ಬೇಡ ಅಂತ ಅಳುತ್ತಿದ್ದರೆ ಎಳೆದುಕೊಂಡು ಹೋಗಬೇಡಿ. ಶಾಲೆ ಎಷ್ಟು ದಿನ ತಪ್ಪುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ. ಇನ್ನೊಂದು, ಮಕ್ಕಳ ಕಾಲು ಬೆಳೆಯುತ್ತದೆ. ಸಂಶೋಧನೆಯ ನಡುವೆ ಪಟ್ಟಿ ಚಿಕ್ಕದಾದರೆ ಹೊಸದು ಯಾರು ಮಾಡಿಕೊಡುತ್ತಾರೆ ಅಂತ ಮೊದಲೇ ಕೇಳಿ.

ನಿಜವಾದ ಸಂಶೋಧನೆ ಹುಡುಕುವುದು

ಭಾರತದಲ್ಲಿ ಜನರ ಮೇಲೆ ನಡೆಯುವ ಇಂಥ ಪ್ರಯೋಗಗಳನ್ನು ನೋಂದಾಯಿಸಲು ಸಿಟಿಆರ್‌ಐ ಅನ್ನುವ ಸರ್ಕಾರಿ ವೆಬ್‌ಸೈಟ್ ಇದೆ. ಐಸಿಎಂಆರ್ ನಡೆಸುತ್ತದೆ, 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಣಿ ಆಗಿರಬೇಕು ಅನ್ನುವ ನಿಯಮ ಬಂದಿದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಬರಹ ಇಂಗ್ಲಿಷಿನಲ್ಲಿದೆ, ಕಾಲೇಜಿಗೆ ಹೋಗುವ ಮಗಳನ್ನೋ ಪಕ್ಕದ ಮನೆಯ ಹುಡುಗನನ್ನೋ ಕೂರಿಸಿಕೊಳ್ಳಿ. ಫುಟ್ ಡ್ರಾಪ್ (foot drop), ಆಂಕಲ್ ಫುಟ್ ಆರ್ಥೋಸಿಸ್ (ankle foot orthosis), ಸ್ಟ್ರೋಕ್ ಗೇಟ್ (stroke gait) ಅನ್ನುವ ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ. ಪ್ರತಿ ಸಂಶೋಧನೆಗೂ ಒಂದು ಪುಟ ತೆರೆಯುತ್ತದೆ. ಅದರಲ್ಲಿ ನಾಲ್ಕು ಜಾಗ ನೋಡಿದರೆ ಸಾಕು: ಇನ್‌ಕ್ಲೂಷನ್ ಅಂದರೆ ಯಾರು ಬೇಕು, ಎಕ್ಸ್‌ಕ್ಲೂಷನ್ ಅಂದರೆ ಯಾರು ಬೇಡ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತಿದೆ, ಮತ್ತು ಇನ್ನೂ ಜನರನ್ನು ಸೇರಿಸಿಕೊಳ್ಳುತ್ತಿದ್ದಾರಾ ಇಲ್ಲವಾ. ಸಾರ್ವಜನಿಕರು ಪ್ರಶ್ನೆ ಕೇಳಲು ಒಬ್ಬರ ಹೆಸರು, ಫೋನ್ ನಂಬರು ಅಲ್ಲೇ ಇರುತ್ತದೆ.

ಇದರಲ್ಲಿ ಎಷ್ಟೋ ಸಂಶೋಧನೆಗಳು ಫಿಸಿಯೋಥೆರಪಿ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡುವ ಸಣ್ಣವು. ಅವರಿಗೆ ವಾರಕ್ಕೆ ಮೂರು ನಾಲ್ಕು ದಿನ ಬರಬಲ್ಲ, ಅದೇ ಊರಿನ ಜನ ಬೇಕಿರುತ್ತಾರೆ. ಕಾಯಿಲೆ, ವಯಸ್ಸು, ವೇಗ ಎಲ್ಲ ಹೊಂದಿದರೂ ದೇವದುರ್ಗದಿಂದ ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗಲು ಆಗುತ್ತದಾ? ಇಲ್ಲ. ಹಾಗಾಗಿ ನಮ್ಮ ಮೂರು ಜಿಲ್ಲೆಯವರು ಒಂದು ಎರಡು ಭೇಟಿಯಲ್ಲಿ ಮುಗಿಯುವ, ಉಳಿದದ್ದನ್ನು ಮನೆಯಲ್ಲಿ ಮಾಡಿಸುವ ಸಂಶೋಧನೆಗಳನ್ನೇ ಹುಡುಕಬೇಕು. ದೊಡ್ಡ ಸಂಶೋಧನೆಗಳೆಲ್ಲ ದೊಡ್ಡ ಊರಲ್ಲೇ ನಡೆಯುವುದರಿಂದ ನಮ್ಮ ಎರೆಭೂಮಿಯ ಕೆಸರಲ್ಲಿ ನಡೆಯುವವರ, ನೆಲದ ಮೇಲೆ ಕೂತು ಉಣ್ಣುವವರ ಕಾಲು ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದು ನನ್ನ ಬಹಳ ದಿನದ ಸಂಕಟ. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆ ಧರಣಿ ಕೂತಿದ್ದು ಸುಮ್ನೆ ಅಲ್ಲ.

ಪೋಸ್ಟರಿನಲ್ಲಿ ಸಿಟಿಆರ್‌ಐ ನಂಬರು ಇಲ್ಲದಿದ್ದರೆ ಕೇಳಿ. ನಂಬರಿನಲ್ಲಿ ವರ್ಷ, ತಿಂಗಳು ಇರುತ್ತದೆ, ಅದನ್ನು ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಬಹುದು. "ನೋಂದಣಿ ಫೀ ಕಟ್ಟಿ", "ಪಟ್ಟಿಗೆ ಅರ್ಧ ದುಡ್ಡು ಕೊಡಿ" ಅಂದರೆ ಅಲ್ಲಿಗೇ ಬಿಡಿ. ಸಂಶೋಧನೆಗಾಗಿ ಮಾಡುವ ಪರೀಕ್ಷೆಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳಬಾರದು.

ಫೋನು

ಫೈಲು, ಹಾಳೆ ಎದುರಿಗೆ ಇಟ್ಟುಕೊಂಡು ಹೀಗೆ ಶುರು ಮಾಡಿ: "ನಮಸ್ಕಾರ, ಕೊಪ್ಪಳ ಜಿಲ್ಲೆಯಿಂದ ಮಾತಾಡ್ತಿದ್ದೀನಿ. ನಮ್ಮ ತಂದೆಯವರಿಗೆ 58 ವರ್ಷ. ಹತ್ತು ತಿಂಗಳ ಹಿಂದೆ ಲಕ್ವಾ ಆಗಿದೆ, ಬಲಗಡೆ. ಕೋಲು ಹಿಡಿದು ಹತ್ತು ಮೀಟರ್ 22 ಸೆಕೆಂಡಲ್ಲಿ ನಡೀತಾರೆ. ಪಾದ 90 ಡಿಗ್ರಿಗೆ ಬರುತ್ತೆ. ಗಾಯ ಇಲ್ಲ, ಸಕ್ಕರೆ ಕಾಯಿಲೆ ಇದೆ. ನಿಮ್ಮ ಸ್ಟಡಿಗೆ ಆಗುತ್ತಾ ನೋಡಿ ಹೇಳ್ತೀರಾ?" ಇಷ್ಟು ಹೇಳಿದರೆ ಆ ಕಡೆಯವರು ಕೂತು ಮಾತಾಡುತ್ತಾರೆ. ಆಮೇಲೆ ನಿಮ್ಮ ಪ್ರಶ್ನೆ ಕೇಳಿ. ಎಷ್ಟು ಸಲ ಬರಬೇಕು? ಓಡಾಟದ ಖರ್ಚು, ಜೊತೆಗೆ ಬರುವವರ ಖರ್ಚು ಕೊಡುತ್ತೀರಾ? ಉಳಿಯಲು ಜಾಗ ಇದೆಯಾ? ಮುಗಿದ ಮೇಲೆ ಪಟ್ಟಿ ನಮಗೇ ಕೊಡುತ್ತೀರಾ? ಊರಿಗೆ ಬಂದ ಮೇಲೆ ಪಟ್ಟಿ ಮುರಿದರೆ, ಒತ್ತಿದರೆ ಯಾರಿಗೆ ತೋರಿಸಬೇಕು?

ಪಟ್ಟಿಯನ್ನು ಶೂ ಒಳಗೇ ಹಾಕಬೇಕಾ ಅಂತ ಕೇಳುವುದನ್ನು ಮರೆಯಬೇಡಿ. ನಮ್ಮವರು ಮನೆಯೊಳಗೆ ಬರಿಗಾಲಲ್ಲಿ ಇರುವವರು, ಹೊರಗೆ ಚಪ್ಪಲಿ. ಪಟ್ಟಿಯನ್ನು ದಿನಕ್ಕೆ ಆರೆಂಟು ಗಂಟೆ ಹಾಕಬೇಕು ಅಂದರೆ ಒಲೆ ಮುಂದೆ, ದೇವರ ಮನೆಯಲ್ಲಿ, ನೆಲದ ಮೇಲೆ ಕೂರುವ ಶೌಚಾಲಯದಲ್ಲಿ ಏನು ಮಾಡುವುದು? ಗಟ್ಟಿ ಪಟ್ಟಿ ಹಾಕಿ ಕುಕ್ಕರುಗಾಲಲ್ಲಿ ಕೂರಲು ಬರುವುದಿಲ್ಲ. ಕೆಲವು ಸಂಶೋಧನೆಗಳಲ್ಲಿ ಪಟ್ಟಿಯೊಳಗೆ ಸಣ್ಣ ಸೆನ್ಸರ್ ಇಟ್ಟು ಎಷ್ಟು ಹೊತ್ತು ಹಾಕಿದಿರಿ ಅಂತ ಲೆಕ್ಕ ಇಡುತ್ತಾರೆ. ಆಗುವುದಿಲ್ಲ ಅನ್ನಿಸಿದರೆ ಫೋನಿನಲ್ಲೇ ಹೇಳುವುದು ಇಬ್ಬರಿಗೂ ಒಳ್ಳೆಯದು.

ಹೋಗುವ ದಿನ

ಸಾಧ್ಯವಾದರೆ ಹಿಂದಿನ ದಿನವೇ ತಲುಪಿ. ರಾತ್ರಿಯಿಡೀ ಬಸ್ಸಲ್ಲಿ ಕಾಲು ಇಳಿಬಿಟ್ಟು ಕೂತರೆ ಪಾದ ಊದುತ್ತದೆ, ಊದಿದ ಪಾದಕ್ಕೆ ಅಳತೆ ತೆಗೆದರೆ ಪಟ್ಟಿ ಸಡಿಲವಾಗುತ್ತದೆ, ನಿದ್ದೆ ಇಲ್ಲದೆ ನಡೆದ ನಡಿಗೆ ನಿಮ್ಮ ನಡಿಗೆಯೇ ಅಲ್ಲ. ಬೆಳಗಿನ ಬಿಪಿ, ಸಕ್ಕರೆ ಮಾತ್ರೆ ತಪ್ಪಿಸಬೇಡಿ. ಈಗಿನ ಪಟ್ಟಿ, ಶೂ, ಕೋಲು ಎಲ್ಲ ಜೊತೆಗಿರಲಿ.

ನಡಿಗೆ ಅಳೆಯುವ ಲ್ಯಾಬಿನಲ್ಲಿ ಮೈಮೇಲೆ ಸಣ್ಣ ಗುಂಡುಗಳನ್ನು ಅಂಟಿಸಿ ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಅದಕ್ಕೆ ಮೊಣಕಾಲ ಮೇಲಿನ ಚಡ್ಡಿ ಹಾಕಲು ಹೇಳಬಹುದು. ಸೀರೆ ಉಡುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಮುಜುಗರ, ಆದರೆ ಅಲ್ಲಿ ಹೋಗಿ ನಿಂತ ಮೇಲೆ ಬಾಯಿ ಬಿಡುವುದಿಲ್ಲ. ಫೋನಿನಲ್ಲೇ ಕೇಳಿ: ಮಹಿಳಾ ಸಿಬ್ಬಂದಿ ಇರುತ್ತಾರಾ, ಬಟ್ಟೆ ಬದಲಿಸಲು ಮರೆ ಇದೆಯಾ, ಮಗಳು ಒಳಗೆ ಬರಬಹುದಾ. ಹೀಗೆ ಕೇಳುವುದು ನಿಮ್ಮ ಹಕ್ಕು.

ಸಹಿ ಮಾಡುವ ಮೊದಲು

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದ್ದು ಕೇಳಿ. ಓದಲು ಬಾರದವರಿಗೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು, ಸಾಕ್ಷಿಯೂ ಸಹಿ ಮಾಡಬೇಕು. "ಮನೆಗೆ ಒಯ್ದು ಓದಿ ಬರ್ತೀವಿ" ಅಂದರೆ ಬೇಡ ಅನ್ನುವ ಹಾಗಿಲ್ಲ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಬಂದರೆ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಬಾರದು. ಸಂಶೋಧನೆಯಿಂದ ಬಿದ್ದು ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದ್ದು ಅಂತ ಆ ಪತ್ರದಲ್ಲೇ ಬರೆದಿರಬೇಕು. ಆ ಸಾಲಿನ ಮೇಲೆ ಬೆರಳಿಟ್ಟು ಓದಿಸಿಕೊಳ್ಳಿ. ಸಂಶೋಧನೆ ಸರಿಯಾಗಿ ನಡೆಯುತ್ತದಾ ಅಂತ ನೋಡುವ ನೈತಿಕ ಸಮಿತಿಯ ಫೋನ್ ನಂಬರು ಇದೆಯಾ ನೋಡಿ. ವಿಡಿಯೋ ತೆಗೆದರೆ ಎಲ್ಲಿ ತೋರಿಸುತ್ತಾರೆ, ಮುಖ ಮಸುಕು ಮಾಡುತ್ತಾರಾ ಕೇಳಿ. ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರದೆ ಅಲ್ಲಿಂದ ಏಳಬೇಡಿ.

ಇಲ್ಲ ಅಂದರೆ

ಯಾವ ಕಾರಣಕ್ಕೆ ಇಲ್ಲ ಅಂತ ಕೇಳಿ ಬರೆದುಕೊಳ್ಳಿ. ಹುಣ್ಣು, ಬಿಪಿ, ಬೊಟಾಕ್ಸ್ ತಾರೀಖು ಇಂಥವು ಕಾಲ ಕಳೆದಂತೆ ಬದಲಾಗುತ್ತವೆ, ಮತ್ತೆ ಫೋನ್ ಮಾಡಬಹುದಾ ಕೇಳಿ. ಸೆಟೆದ ಕೀಲು ಅಂದರೆ ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಲು ಅದೇ ಒಂದು ಕಾರಣ ಸಾಕು. ವೇಗ ಜಾಸ್ತಿ ಅಂತ ಬೇಡ ಅಂದರೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ, ನಿಮ್ಮ ಕಾಲು ಅವರು ಹುಡುಕುತ್ತಿರುವ ಕಾಲಿಗಿಂತ ಚೆನ್ನಾಗಿದೆ.

ಪಟ್ಟಿ ಸಿಗಲು ಬೇರೆ ದಾರಿ ಇದೆ. ವಿಕಲಚೇತನರ ಕೆಲಸ ನೋಡಿಕೊಳ್ಳಲು ನಿಮ್ಮ ಗ್ರಾಮ ಪಂಚಾಯಿತಿಗೆ ಇರುವ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅವರನ್ನು ಹುಡುಕಿ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಆದಾಯದ ಮಿತಿ ಒಳಗೆ ಬರುವವರಿಗೆ ಸಾಧನಗಳನ್ನು ಉಚಿತವಾಗಿ ಇಲ್ಲವೇ ಕಡಿಮೆ ಬೆಲೆಗೆ ಕೊಡುತ್ತಾರೆ. ಜಿಲ್ಲೆಯಲ್ಲಿ ಶಿಬಿರ ಯಾವಾಗ ಅಂತ ವಿಕಲಚೇತನರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಶಿಬಿರದಲ್ಲಿ ಅಳತೆ ತೆಗೆದ ದಿನವೇ ಪಟ್ಟಿ ಸಿಗುವುದಿಲ್ಲ, ಕೊಡುವ ದಿನ ತಪ್ಪದೆ ಹೋಗಿ, ಅಲ್ಲೇ ಹಾಕಿಕೊಂಡು ಹತ್ತು ಹೆಜ್ಜೆ ನಡೆದು ನೋಡಿ, ಎಲ್ಲಿ ಒತ್ತುತ್ತದೆ ಅಂತ ಮಾಡಿದವರಿಗೆ ಅಲ್ಲೇ ತೋರಿಸಿ. ಈಗಾಗಲೇ ಮಾಡಿಕೊಂಡಿರುವ ಆ ಫೈಲನ್ನು ಅಲ್ಲಿಗೂ ತೆಗೆದುಕೊಂಡು ಹೋಗಿ.